ಸೀಟು ಮೆತ್ತಗಿದ್ದರೂ ನೋಯುವುದೇಕೆ?

ಪ್ರಶ್ನೆ: ಸರ್, ನಮಸ್ಕಾರ. ನಾವು ದಾವಣಗೆರೆಯವರು. ನಾನು ಹೈಸ್ಕೂಲ್ ಟೀಚರ್, ವಯಸ್ಸು 47. ನಮ್ಮ ಮನೆಯವರಿಗೆ 53, ಸಕ್ಕರೆ ಕಾಯಿಲೆ ಇದೆ. ಡಾಕ್ಟರು ವ್ಯಾಯಾಮ ಮಾಡಿ ಅಂದಿದ್ದಕ್ಕೆ ಇಬ್ಬರೂ ಒಂದೇ ಥರದ ಹೈಬ್ರಿಡ್ ಸೈಕಲ್ ತಗೊಂಡೆವು. ದಿನಾ ಬೆಳಿಗ್ಗೆ ಊರೊಳಗೆ ಓಡಿಸುತ್ತೇವೆ, ಭಾನುವಾರ ಕೊಂಡಜ್ಜಿ ಕೆರೆವರೆಗೆ ಹೋಗಿ ಬರುತ್ತೇವೆ. ಅರ್ಧ ದಾರಿಗೇ ನನಗೆ ಮುಂಭಾಗದಲ್ಲಿ ಉರಿ ಶುರುವಾಗುತ್ತದೆ. ಅವರಿಗೆ ತೊಡೆಸಂದು ಜೋಮು ಹಿಡಿಯುತ್ತದೆ. ಅಂಗಡಿಯವರು ಮೊದಲು ಜೆಲ್ ಕವರ್ ಹಾಕಿಕೊಟ್ಟರು, ಆಮೇಲೆ ಅಗಲವಾದ ಮೆತ್ತನೆ ಸೀಟು ಕೊಟ್ಟರು. ನನ್ನ ಉರಿ ಕಡಿಮೆಯಾಗಲಿಲ್ಲ, ಅವರ ಜೋಮು ಇನ್ನೂ ಜಾಸ್ತಿಯಾಯಿತು. ನಮ್ಮ ತಂದೆಯವರ ಹಳೇ ಸೈಕಲ್ಲಿನ ಸ್ಪ್ರಿಂಗ್ ಸೀಟು ಹಾಕಿಸಬಹುದೇ? ಇಲ್ಲ, ದುಬಾರಿ ಸೀಟು ತರಿಸಲೇಬೇಕೇ?

ಉತ್ತರ: ನಮಸ್ಕಾರ ಮೇಡಂ. ಮೂರನೇ ಸೀಟಿಗೆ ಈಗಲೇ ದುಡ್ಡು ಹಾಕಬೇಡಿ. ನಿಮ್ಮಿಬ್ಬರ ತೊಂದರೆ ಒಂದೇ ಅಲ್ಲ, ಹಾಗಾಗಿ ಪರಿಹಾರವೂ ಒಂದೇ ಆಗುವುದಿಲ್ಲ. ಆದರೆ ಇಬ್ಬರಿಗೂ ಸಿಕ್ಕ ಸಲಹೆ ಮಾತ್ರ ಒಂದೇ: ಮೆತ್ತಗೆ ಮಾಡಿ. ಎಡವಟ್ಟಾಗಿರುವುದು ಅಲ್ಲೇ.

ಗಟ್ಟಿ ಬೆಂಚಿನ ಮೇಲೆ ಕೂತು, ಎರಡೂ ಅಂಗೈಯನ್ನು ಕೆಳಗೆ ಇಟ್ಟು ನೋಡಿ. ಒಂದೊಂದು ಕೈಗೂ ಒಂದೊಂದು ಗಟ್ಟಿ ಎಲುಬು ಸಿಗುತ್ತದೆ. ಸೈಕಲ್ ಮೇಲೆ ನಿಮ್ಮ ಭಾರ ಹೊರಬೇಕಾದದ್ದು ಆ ಎರಡು ಎಲುಬು. ಅವುಗಳ ಮಧ್ಯದ ಜಾಗದಲ್ಲಿ ನರ ಇದೆ, ರಕ್ತನಾಳ ಇದೆ, ಸೂಕ್ಷ್ಮ ಚರ್ಮ ಇದೆ. ಅಲ್ಲಿ ಭಾರ ಬೀಳಲೇಬಾರದು. ಈಗ ಮೆತ್ತನೆ ಸೀಟಿನಲ್ಲಿ ಏನಾಗುತ್ತದೆ ನೋಡಿ. ಮಳೆಗಾಲದಲ್ಲಿ ಎರೆಹೊಲಕ್ಕೆ ಕಾಲಿಟ್ಟರೆ ಪಾದ ಕೆಳಗೆ ಇಳಿದು ಸುತ್ತಲಿನ ಕೆಸರು ಮೇಲೆ ಬರುತ್ತದಲ್ಲ, ಹಾಗೆಯೇ ಎಲುಬುಗಳು ಜೆಲ್ಲಿನೊಳಗೆ ಇಳಿಯುತ್ತವೆ, ಮಧ್ಯದ ಜೆಲ್ ಉಬ್ಬಿ ಮೇಲೆ ಒತ್ತುತ್ತದೆ. ಎಲ್ಲಿ ಒತ್ತಬಾರದೋ ಅಲ್ಲೇ ಒತ್ತುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಕೂತರೆ ಇದು ಗೊತ್ತಾಗುವುದೇ ಇಲ್ಲ, ಬದಲಿಗೆ ಹಾಯಾಗಿರುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೆ ಗೊತ್ತಾಗುತ್ತದೆ. ನಿಮ್ಮ ಮನೆಯವರಿಗೆ ಜೋಮು ಜಾಸ್ತಿಯಾದದ್ದು ಇದೇ ಕಾರಣಕ್ಕೆ ಎಂದು ನನ್ನ ಅಂದಾಜು. ಇಬ್ಬರ ಸೈಕಲ್ಲಿನಿಂದಲೂ ಜೆಲ್ ಕವರ್ ಇವತ್ತೇ ತೆಗೆದುಬಿಡಿ.

ಇನ್ನೊಂದು ವಿಷಯ ತಿಳಿದಿರಲಿ. ಸೈಕಲ್ ಸೀಟು ಕುರ್ಚಿ ಅಲ್ಲ. ನಿಮ್ಮ ಭಾರ ಪೆಡಲ್, ಹ್ಯಾಂಡಲ್, ಸೀಟು ಮೂರಕ್ಕೂ ಹಂಚಿಹೋಗುತ್ತದೆ. ಜೋರಾಗಿ ತುಳಿಯುವವರ ಭಾರ ಕಾಲಿನ ಮೇಲೆ ಜಾಸ್ತಿ ಇರುತ್ತದೆ, ಸೀಟಿನ ಮೇಲೆ ಕಡಿಮೆ. ಹೊಸಬರು ನಿಧಾನವಾಗಿ ತುಳಿಯುತ್ತಾರೆ, ಹಾಗಾಗಿ ಹೆಚ್ಚಿನ ಭಾರ ಸೀಟಿಗೇ ಬೀಳುತ್ತದೆ. ಅದಕ್ಕೇ ರೇಸ್ ಸೈಕಲ್ಲಿನವರು ಅಷ್ಟು ಸಣ್ಣ ಸೀಟಿನ ಮೇಲೆ ಗಂಟೆಗಟ್ಟಲೆ ಕೂರುತ್ತಾರೆ, ಹೊಸಬರಿಗೆ ಸೋಫಾದಂಥ ಸೀಟಿದ್ದರೂ ನೋಯುತ್ತದೆ. ಕಾಲಿಗೆ ಬಲ ಬಂದ ಹಾಗೆ ನಿಮಗೂ ಸ್ವಲ್ಪ ಕಡಿಮೆಯಾಗುತ್ತದೆ.

ಆದರೆ ಎಲ್ಲ ನೋವೂ ಅಭ್ಯಾಸದಿಂದ ಹೋಗುವುದಿಲ್ಲ. ಎಲುಬಿರುವ ಜಾಗದಲ್ಲಿ, ಅಂದರೆ ಹಿಂಭಾಗದಲ್ಲಿ, ಪೆಟ್ಟಾದ ಹಾಗೆ ನೋಯುತ್ತಿದ್ದರೆ ಎರಡು ಮೂರು ವಾರ ತಡೆದುಕೊಳ್ಳಿ, ಅದು ಹೋಗುತ್ತದೆ. ಮುಂಭಾಗದ ಉರಿ ಮತ್ತು ಜೋಮು ಹಾಗಲ್ಲ. ಅವು ಏನೋ ತಪ್ಪಾಗಿದೆ ಎಂಬ ಎಚ್ಚರಿಕೆ. "ರೂಢಿಯಾಗುತ್ತೆ ಬಿಡಿ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಿಮ್ಮಿಬ್ಬರದ್ದೂ ಈ ಎರಡನೇ ಬಗೆ.

ಸೀಟು ಬದಲಿಸುವ ಮೊದಲು ಅದು ಕೂತಿರುವ ಎತ್ತರ ನೋಡಬೇಕು. ನಮ್ಮ ಕಡೆ ನಾನು ಅತಿ ಹೆಚ್ಚು ನೋಡುವ ತಪ್ಪು ಎಂದರೆ ಸೀಟು ತಗ್ಗಿಸಿ ಇಟ್ಟುಕೊಳ್ಳುವುದು. ಸೀಟಿನ ಮೇಲೆ ಕೂತಾಗ ಎರಡೂ ಕಾಲು ನೆಲಕ್ಕೆ ಪೂರ್ತಿ ತಾಗಬೇಕು ಎಂದು ಎಲ್ಲರೂ ಕೇಳುತ್ತಾರೆ, ಅಂಗಡಿಯವರೂ ಹಾಗೇ ಇಳಿಸಿ ಕೊಡುತ್ತಾರೆ. ಹಾಗೆ ಕೂತರೆ ತುಳಿಯುವಾಗ ಮಂಡಿ ಪೂರ್ತಿ ಚಾಚುವುದಿಲ್ಲ, ಕಾಲಿನ ಮೇಲೆ ಭಾರ ಹೋಗುವುದಿಲ್ಲ. ಎಲ್ಲಾ ಭಾರ ಸೀಟಿಗೆ. ಜೊತೆಗೆ ಮಂಡಿ ನೋವು ಬೇರೆ. ಭಯ ಏನೆಂದರೆ, ಪಿ.ಬಿ. ರಸ್ತೆಯಂಥ ಜಾಗದಲ್ಲಿ ಹಿಂದೆ ಬಸ್ಸು ಬರುವಾಗ ಥಟ್ಟನೆ ಕಾಲು ಊರಬೇಕಲ್ವಾ? ನ್ಯಾಯವಾದ ಭಯ. ಆದರೆ ಅದಕ್ಕೆ ದಾರಿ ಸೀಟು ತಗ್ಗಿಸುವುದಲ್ಲ. ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿದು ಒಂದು ಕಾಲು ಊರುವುದನ್ನು ಕಲಿಯಬೇಕು. ಖಾಲಿ ಮೈದಾನದಲ್ಲಿ ಬೆಳಿಗ್ಗೆ ನಾಲ್ಕು ದಿನ ಅಭ್ಯಾಸ ಮಾಡಿದರೆ ಬರುತ್ತದೆ. ಬ್ರೇಕ್ ಹಿಡಿಯುವಾಗ ಒಂದು ಪೆಡಲ್ ಕೆಳಗಿರಲಿ, ಅದರ ಮೇಲೆ ಭಾರ ಬಿಟ್ಟು ಎದ್ದು, ಇನ್ನೊಂದು ಕಾಲನ್ನು ನೆಲಕ್ಕೆ ಇಳಿಸಿ.

ಎತ್ತರ ಹೊಂದಿಸುವುದು ಸುಲಭ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಸೀಟಿನ ಮೇಲೆ ನೆಟ್ಟಗೆ ಕೂತು, ಪೆಡಲನ್ನು ತೀರಾ ಕೆಳಕ್ಕೆ ತಂದು ಹಿಮ್ಮಡಿಯನ್ನು ಅದರ ಮೇಲೆ ಇಡಿ. ಮಂಡಿ ನೆಟ್ಟಗಾಗಬೇಕು, ಆದರೆ ಸೊಂಟ ಒಂದು ಕಡೆ ವಾಲಬಾರದು. ಆಮೇಲೆ ಎಂದಿನಂತೆ ಮುಂಗಾಲನ್ನು ಪೆಡಲ್ ಮೇಲೆ ಇಟ್ಟರೆ ಮಂಡಿ ತಾನೇ ಸ್ವಲ್ಪ ಬಾಗುತ್ತದೆ. ಅಷ್ಟು ಸಾಕು. ಲೆಕ್ಕ ಬೇಕೆಂದರೆ ಅದೂ ಇದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ನಡುವೆ ಒಂದು ದಪ್ಪ ಪುಸ್ತಕ ಇಟ್ಟು ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಿನ ಅಂಚಿಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. ಅಳತೆ 78 ಸೆಂ.ಮೀ. ಬಂದರೆ ಸುಮಾರು 69 ಸೆಂ.ಮೀ. ಆಗುತ್ತದೆ. ಪೆಡಲ್ ಹಿಡಿದಿರುವ ಕೋಲು, ಅಂದರೆ ಕ್ರ್ಯಾಂಕ್, ತಿರುಗುವ ಜಾಗದ ಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ, ಸೀಟ್ ಪೈಪಿನ ಗುಂಟ, ಅಷ್ಟು ಎತ್ತರ ಇರಬೇಕು. ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಗ್ರೆಗ್ ಲೆಮಾಂಡ್ 1980ರ ದಶಕದಲ್ಲಿ ಜನಪ್ರಿಯ ಮಾಡಿದ ಲೆಕ್ಕ ಇದು. ಇದನ್ನು ಶುರುವಿನ ಅಳತೆ ಎಂದು ಇಟ್ಟುಕೊಳ್ಳಿ, ಆಮೇಲೆ ಅರ್ಧ ಸೆಂ.ಮೀ. ಹೆಚ್ಚು ಕಡಿಮೆ ಮಾಡಿ ನೋಡಿ. ಸೀಟ್ ಪೈಪಿನ ಮೇಲೆ ಒಂದು ಗೆರೆ ಕೆತ್ತಿರುತ್ತಾರೆ. ಆ ಗೆರೆ ಹೊರಗೆ ಕಾಣುವಷ್ಟು ಪೈಪು ಎತ್ತಲೇಬೇಡಿ, ಮುರಿಯುತ್ತದೆ.

ಅತಿಯಾಗಿ ಎತ್ತರಿಸಿದರೂ ತೊಂದರೆಯೇ. ಪೆಡಲ್ ಮುಟ್ಟಲು ಸೊಂಟ ಆಚೆ ಈಚೆ ತೂಗಾಡುತ್ತದೆ, ಪ್ರತಿ ಸುತ್ತಿಗೂ ಚರ್ಮ ಉಜ್ಜುತ್ತದೆ. ನೀವು ಹೇಳುವ ಉರಿಗೆ ಇದೂ ಒಂದು ಕಾರಣ ಇರಬಹುದು. ಒಂದೇ ಅಳತೆಯ ಎರಡು ಸೈಕಲ್ ತಗೊಂಡಿದ್ದೀರಿ. ನಿಮ್ಮಿಬ್ಬರ ಎತ್ತರ ಬೇರೆ ಬೇರೆ ಇದ್ದರೆ ಒಬ್ಬರಿಗಂತೂ ಸೈಕಲ್ಲೇ ಉದ್ದ. ಹಿಂದಿನಿಂದ ನಿಮ್ಮ ಮನೆಯವರು ನೋಡಲಿ. ನಿಮ್ಮ ಸೊಂಟ ಕುಣಿಯುತ್ತಿದ್ದರೆ ಸೀಟು ಇಳಿಸಿ.

ಈಗ ಸೀಟಿನ ಓರೆ. ಕಟ್ಟಡದ ಕೆಲಸದವರ ಹತ್ತಿರ ರಸಮಟ್ಟ ಇರುತ್ತದೆ, ಇಲ್ಲದಿದ್ದರೆ ಮೊಬೈಲಿನಲ್ಲೂ ಸಿಗುತ್ತದೆ. ಸೈಕಲ್ಲನ್ನು ಸಮ ನೆಲದ ಮೇಲೆ ನಿಲ್ಲಿಸಿ, ಸೀಟಿನ ಮೇಲೆ ಒಂದು ಗಟ್ಟಿ ರಟ್ಟಿನ ಪುಸ್ತಕ ಉದ್ದುದ್ದ ಇಟ್ಟು, ಅದರ ಮೇಲೆ ಮಟ್ಟ ಇಟ್ಟು ನೋಡಿ. ಮೊದಲು ಸಮ ಮಾಡಿಕೊಳ್ಳಿ. ಎಷ್ಟೋ ಸೈಕಲ್ಲುಗಳು ಅಂಗಡಿಯಿಂದ ಬರುವಾಗಲೇ ಸೀಟಿನ ಮೂತಿ ಮೇಲಾಗಿರುತ್ತದೆ. ಹಾಗಿದ್ದರೆ ಮೂತಿ ನೇರ ಆ ಸೂಕ್ಷ್ಮ ಜಾಗಕ್ಕೇ ಒತ್ತುತ್ತದೆ. ಸಮ ಮಾಡಿದ ಮೇಲೂ ಮುಂಭಾಗ ಒತ್ತುತ್ತಿದ್ದರೆ ಮೂತಿಯನ್ನು ಚೂರೇ ಚೂರು ಇಳಿಸಿ. ಸಾಮಾನ್ಯ ಉದ್ದದ ಸೀಟಿನಲ್ಲಿ ಮೂತಿ ಅರ್ಧ ಸೆಂ.ಮೀ. ಇಳಿದರೆ ಸುಮಾರು ಒಂದು ಡಿಗ್ರಿ. ಒಂದೆರಡು ಡಿಗ್ರಿಯಲ್ಲೇ ಸಾಮಾನ್ಯವಾಗಿ ಗುಣ ಕಾಣುತ್ತದೆ. ಸಿಕ್ಕಾಪಟ್ಟೆ ಇಳಿಸಿದರೆ ನೀವು ಮುಂದಕ್ಕೆ ಜಾರುತ್ತೀರಿ, ಜಾರದಿರಲು ಕೈಯಿಂದ ತಳ್ಳುತ್ತೀರಿ, ಆಗ ಅಂಗೈ ಮತ್ತು ಹೆಗಲು ನೋಯಲು ಶುರುವಾಗುತ್ತದೆ.

ಮುಂದೆ ಹಿಂದೆ ಸರಿಸುವುದಕ್ಕೆ ಸೀಟಿನ ಕೆಳಗೆ ಎರಡು ಕಂಬಿ ಇರುತ್ತವೆ. ಪೆಡಲ್ ಎರಡೂ ನೆಲಕ್ಕೆ ಸಮನಾಗಿ ಇರುವಂತೆ ಹಿಡಿದು, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನಿಂದ ದಾರಕ್ಕೆ ನಟ್ಟು ಕಟ್ಟಿ ಇಳಿಬಿಡಿ. ನಟ್ಟು ಪೆಡಲಿನ ನಡುಗೂಟದ ಹತ್ತಿರ ಬಂದರೆ ಸರಿ. ಓಡಿಸುತ್ತಾ ಓಡಿಸುತ್ತಾ ನೀವು ಸೀಟಿನ ಮೂತಿಗೇ ಬಂದು ಕೂರುತ್ತಿದ್ದರೆ ಹ್ಯಾಂಡಲ್ ನಿಮಗೆ ದೂರ ಎಂದು ಅರ್ಥ. ಆಗ ಎಂಥ ಸೀಟು ತಂದರೂ ಪ್ರಯೋಜನವಿಲ್ಲ, ಏಕೆಂದರೆ ನೀವು ಸೀಟಿನ ಅಗಲವಾದ ಭಾಗದ ಮೇಲೆ ಕೂರುತ್ತಲೇ ಇಲ್ಲ. ಹ್ಯಾಂಡಲನ್ನು ಎತ್ತರಿಸಬೇಕು, ಇಲ್ಲವೇ ಅದನ್ನು ಸೈಕಲ್ಲಿಗೆ ಜೋಡಿಸುವ ಕತ್ತಿನ ತುಂಡನ್ನು ಗಿಡ್ಡದ್ದಕ್ಕೆ ಬದಲಿಸಬೇಕು. ಮುಂಭಾಗದ ಉರಿ ಎಂದು ಬರುವ ಹೆಂಗಸರಲ್ಲಿ ನಾನು ಮೊದಲು ಪರೀಕ್ಷಿಸುವುದೇ ಇದನ್ನು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊದಲಿದ್ದ ಜಾಗಕ್ಕೆ ಟೇಪಿನಿಂದ ಗುರುತು ಹಾಕಿಕೊಳ್ಳಿ. ಮೂರೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಅನ್ನುವುದೇ ಗೊತ್ತಾಗುವುದಿಲ್ಲ.

ಇಷ್ಟಾದ ಮೇಲೆ ಸೀಟಿನ ಅಗಲ. ಇದಕ್ಕೆ ಒಂದು ರಟ್ಟಿನ ಡಬ್ಬ ಸಾಕು. ಒಳಗೆ ಅಲೆ ಅಲೆಯಾಗಿರುವ ರಟ್ಟು ಬೇಕು, ಟಿವಿ ಮಿಕ್ಸಿ ಬರುತ್ತದಲ್ಲ, ಅಂಥದ್ದು. ಅದರ ಒಂದು ತುಂಡನ್ನು ಗಟ್ಟಿ ಮೆಟ್ಟಿಲು ಅಥವಾ ಮರದ ಬೆಂಚಿನ ಮೇಲೆ ಹಾಕಿ, ತೆಳು ಬಟ್ಟೆಯಲ್ಲಿ ಅದರ ಮೇಲೆ ಕೂರಿ. ಪಾದದ ಕೆಳಗೆ ನಾಲ್ಕು ಪುಸ್ತಕ ಇಟ್ಟು ಮಂಡಿಯನ್ನು ಸ್ವಲ್ಪ ಎತ್ತರಿಸಿ, ಸೈಕಲ್ ಮೇಲೆ ಬಾಗುವಷ್ಟೇ ಮುಂದೆ ಬಾಗಿ, ಒಂದು ನಿಮಿಷ ಬಿಟ್ಟು ಎದ್ದೇಳಿ. ರಟ್ಟಿನಲ್ಲಿ ಎರಡು ಗುಳಿ ಬಿದ್ದಿರುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಅಳೆಯಿರಿ. ಹೆಚ್ಚಿನವರಿಗೆ ಇದು ಸುಮಾರು 10ರಿಂದ 15 ಸೆಂ.ಮೀ. ಒಳಗೆ ಬರುತ್ತದೆ. ಸೀಟಿನ ಅಂಚು ಎರಡೂ ಕಡೆ ಇಳಿಜಾರಾಗಿರುವುದರಿಂದ ಎಲುಬಿಗೆ ಸಮತಟ್ಟಾದ ಜಾಗ ಸಿಗಬೇಕೆಂದರೆ ಇದಕ್ಕೆ ಸ್ವಲ್ಪ ಸೇರಿಸಬೇಕು. ನಿಮ್ಮ ಹೈಬ್ರಿಡ್ಡಿನಂತೆ ಅರ್ಧ ಬಾಗಿ ಕೂರುವ ಸೈಕಲ್ಲಿಗೆ ಎರಡೂವರೆ, ಮೂರು ಸೆಂ.ಮೀ. ಸೇರಿಸಿ. ಗುಳಿಗಳ ನಡುವೆ 12 ಬಂದರೆ ಹದಿನಾಲ್ಕೂವರೆ, ಹದಿನೈದರ ಸೀಟು ನೋಡಿ. ಒಳ್ಳೆಯ ಕಂಪನಿಗಳು ಒಂದೇ ಸೀಟನ್ನು 143, 155 ಮಿಲಿಮೀಟರ್ ಹೀಗೆ ಹಲವು ಅಗಲದಲ್ಲಿ ಮಾಡುತ್ತವೆ, ಕೆಳಗೆ ಬರೆದಿರುತ್ತಾರೆ.

ಮೈ ದಪ್ಪ ಇದ್ದವರಿಗೆ ಅಗಲ ಸೀಟು, ತೆಳ್ಳಗಿದ್ದವರಿಗೆ ಸಣ್ಣ ಸೀಟು ಎಂದು ನೋಡಿದ ಕೂಡಲೇ ಹೇಳುವವರಿದ್ದಾರೆ. ಮೈಮೇಲಿನ ಮಾಂಸಕ್ಕೂ ಎಲುಬುಗಳ ನಡುವಿನ ಅಂತರಕ್ಕೂ ಸಂಬಂಧ ಇಲ್ಲ. ಹೆಂಗಸರಿಗೆ ಆ ಅಂತರ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಎನ್ನುವುದು ನಿಜ, ಆದರೆ ಅದು ಎಲ್ಲರಿಗೂ ಅನ್ವಯಿಸುವುದಿಲ್ಲ. ಲೇಡೀಸ್ ಸೀಟು ಎಂಬ ಹೆಸರು ನೋಡಿ ತಗೊಳ್ಳಬೇಡಿ, ರಟ್ಟಿನ ಅಳತೆ ನೋಡಿ ತಗೊಳ್ಳಿ. ಬೇಕಾದ್ದಕ್ಕಿಂತ ಅಗಲವಾದರೆ ತೊಡೆಯ ಒಳಭಾಗ ಪ್ರತಿ ತುಳಿತಕ್ಕೂ ಉಜ್ಜುತ್ತದೆ. ನಿಮಗೆ ಕೊಟ್ಟ ಎರಡನೇ ಸೀಟಿನಲ್ಲಿ ಹಾಗೇ ಆಗಿರಬಹುದು.

ಮಧ್ಯದಲ್ಲಿ ತೂತು ಅಥವಾ ತಗ್ಗು ಇರುವ ಸೀಟು ನಿಮ್ಮಿಬ್ಬರಿಗೂ ನೋಡುವಂಥದ್ದು. ಒತ್ತಬಾರದ ಜಾಗದಲ್ಲಿ ಸೀಟೇ ಇರುವುದಿಲ್ಲ, ಅಷ್ಟೇ ಅದರ ಗುಟ್ಟು. ಆದರೆ ಕೆಲವರಿಗೆ ಆ ತೂತಿನ ಅಂಚೇ ಒತ್ತುತ್ತದೆ. ಅಂಥವರಿಗೆ ತೂತಿಗಿಂತ ಉದ್ದಕ್ಕೂ ಅಗಲವಾದ ತಗ್ಗು ಇರುವ ಸೀಟು ವಾಸಿ. ಇದನ್ನು ಕೂತೇ ನೋಡಬೇಕು, ಬೇರೆ ದಾರಿ ಇಲ್ಲ.

ನಿಮ್ಮ ಮನೆಯವರ ಜೋಮಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಹಾಯುವ ಪುಡೆಂಡಲ್ ನರ ಮತ್ತು ರಕ್ತನಾಳ ಒತ್ತಿಹೋದಾಗ ಜೋಮು ಬರುತ್ತದೆ. ಗಂಡಸರು ಇದನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. ನೀವು ಬರೆದು ಕೇಳಿದ್ದು ಒಳ್ಳೆಯದಾಯಿತು. ಅಮೆರಿಕದಲ್ಲಿ ಸೈಕಲ್ ಮೇಲೆ ಗಸ್ತು ತಿರುಗುವ ಪೊಲೀಸರಿಗೆ ಇದೇ ತೊಂದರೆ ಬಂದಾಗ, ಅಲ್ಲಿನ ಸರ್ಕಾರದ ಉದ್ಯೋಗ ಆರೋಗ್ಯ ಸಂಸ್ಥೆ ನಯಾಶ್ (NIOSH) ಅಧ್ಯಯನ ಮಾಡಿ, ಕೆಲಸಕ್ಕಾಗಿ ಸೈಕಲ್ ಓಡಿಸುವವರು ಮೂತಿಯೇ ಇಲ್ಲದ ಸೀಟು ಬಳಸುವುದು ಒಳ್ಳೆಯದು ಎಂದು 2009ರಲ್ಲಿ ಸಲಹೆ ಕೊಟ್ಟಿತು. ಮೂತಿ ಇಲ್ಲದ ಸೀಟಿನಲ್ಲಿ ತೊಡೆಯಿಂದ ಸೈಕಲ್ಲನ್ನು ಹಿಡಿತದಲ್ಲಿಡಲು ಮೊದಮೊದಲು ಕಷ್ಟ, ಕೈ ಮೇಲೆ ಭಾರವೂ ಜಾಸ್ತಿ. ಹಾಗಾಗಿ ನಾನು ಮೊದಲೇ ಅದನ್ನು ಹೇಳುವುದಿಲ್ಲ. ಅಗಲ ಸರಿಯಿರುವ, ಮಧ್ಯೆ ತೂತಿರುವ, ಮೂತಿ ಗಿಡ್ಡವಾದ ಸೀಟು ಮೊದಲು ನೋಡಲಿ. ಅದರಲ್ಲೂ ಜೋಮು ಹೋಗದಿದ್ದರೆ ಮೂತಿ ಇಲ್ಲದ್ದಕ್ಕೆ ಹೋಗಲಿ. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ಸ್ವಲ್ಪ ದೂರ ಸಾಗಬೇಕು, ರಕ್ತ ಓಡಾಡುತ್ತದೆ. ಜೋಮು ಹಿಡಿದ ಕೂಡಲೇ ಇಳಿದು ನಡೆಯಬೇಕು, ಸಹಿಸಿಕೊಂಡು ಮುಂದುವರಿಯಬಾರದು. ಇಳಿದ ಮೇಲೂ ಗಂಟೆಗಟ್ಟಲೆ ಜೋಮು ಉಳಿದರೆ, ಮೂತ್ರ ಮಾಡಲು ತೊಂದರೆಯಾದರೆ, ಸೈಕಲ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಎಚ್ಚರಿಕೆ. ಅವರಲ್ಲಿ ನರಗಳ ಸ್ಪರ್ಶ ಮಂದವಾಗಿರಬಹುದು, ಗಾಯ ಬೇಗ ಮಾಯುವುದಿಲ್ಲ. ಚರ್ಮ ತರಚಿದ್ದು, ಸಣ್ಣ ಕುರು ಎದ್ದಿದ್ದು ಗೊತ್ತೇ ಆಗದೆ ಹೋಗಬಹುದು. ಭಾನುವಾರ ಸ್ನಾನ ಮಾಡುವಾಗ ಕನ್ನಡಿ ಹಿಡಿದು ನೋಡಿಕೊಳ್ಳಲಿ. ಕುರು ಇದ್ದರೆ ಮಾಯುವವರೆಗೆ ಸೈಕಲ್ ಬೇಡ.

ಬಟ್ಟೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ನಿಮ್ಮ ಉರಿಯ ಅರ್ಧ ಭಾಗ ಅಲ್ಲಿರಬಹುದು. ಜೀನ್ಸು, ಚೂಡಿದಾರದ ಪ್ಯಾಂಟು ಯಾವುದೇ ಇರಲಿ, ನಾಲ್ಕು ಹೊಲಿಗೆ ಕೂಡುವ ದಪ್ಪ ಗಂಟು ಸರಿಯಾಗಿ ಸೀಟಿನ ಮೇಲೆ ಬರುತ್ತದೆ. ಹತ್ತಿ ಬಟ್ಟೆ ಬೆವರು ಹಿಡಿದುಕೊಂಡು ಮುದುರುತ್ತದೆ. ಸೈಕ್ಲಿಂಗ್ ಪ್ಯಾಡ್ ಇರುವ ಶಾರ್ಟ್ಸ್ ತಗೊಂಡು ಅದರ ಮೇಲೆ ನಿಮ್ಮ ಟ್ರ್ಯಾಕ್ ಪ್ಯಾಂಟೋ ಚೂಡಿದಾರವೋ ಹಾಕಿಕೊಳ್ಳಿ, ಯಾರಿಗೂ ಕಾಣುವುದಿಲ್ಲ. ಹೆಂಗಸರ ಪ್ಯಾಡ್ ಆಕಾರವೇ ಬೇರೆ, ಅದನ್ನೇ ಕೇಳಿ. ಅದರ ಒಳಗೆ ಒಳಉಡುಪು ಹಾಕಬಾರದು. ಇದನ್ನು ಅಂಗಡಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಾಗಾಗಿ ಎಷ್ಟೋ ಜನ ಎರಡನ್ನೂ ಹಾಕಿಕೊಂಡು "ಪ್ಯಾಡ್ ದಂಡ" ಅನ್ನುತ್ತಾರೆ. ಒಳಉಡುಪಿನ ಎಲಾಸ್ಟಿಕ್ಕೇ ಚರ್ಮ ತರಚುವುದು. ಉಜ್ಜುವ ಜಾಗಕ್ಕೆ ಸ್ವಲ್ಪ ವ್ಯಾಸಲೀನ್ ಹಚ್ಚಬಹುದು. ಮನೆಗೆ ಬಂದ ಕೂಡಲೇ ಶಾರ್ಟ್ಸ್ ಬಿಚ್ಚಿ, ಒಗೆದು, ಒಳಗಿನದ್ದು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಒಗೆಯದೆ ಎರಡನೇ ಸಲ ಹಾಕಲೇಬೇಡಿ. ದುಪಟ್ಟಾ ಮನೆಯಲ್ಲೇ ಇರಲಿ, ಚಕ್ರಕ್ಕೆ ಸಿಕ್ಕರೆ ಪ್ರಾಣಕ್ಕೇ ಅಪಾಯ.

ನಿಮ್ಮ ತಂದೆಯವರ ಸ್ಪ್ರಿಂಗ್ ಸೀಟು ಕೆಟ್ಟದ್ದೇನಲ್ಲ. ಅದು ಅದರ ಸೈಕಲ್ಲಿಗೆ ಸರಿಯಾಗಿತ್ತು. ಹಳೇ ಕರಿ ಸೈಕಲ್ಲಿನಲ್ಲಿ ಹ್ಯಾಂಡಲ್ ಮೇಲಕ್ಕೂ ಹಿಂದಕ್ಕೂ ಇರುತ್ತಿತ್ತು, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಹಾಗೆ ಕೂತಾಗ ಪೂರ್ತಿ ಭಾರ ಹಿಂಭಾಗದ ಮೇಲೆ, ಎಲುಬುಗಳ ಅಗಲವಾದ ಭಾಗದ ಮೇಲೆ. ಅದಕ್ಕೆ ಅಗಲ ಸೀಟು, ಕೆಳಗೆ ಸ್ಪ್ರಿಂಗು. ಮುಂದೆ ಬಾಗಿದಷ್ಟೂ ಸೊಂಟದ ಎಲುಬು ಉರುಳಿ, ಸೀಟಿಗೆ ತಾಗುವ ಜಾಗ ಕಿರಿದಾಗುತ್ತಾ ಮುಂದೆ ಬರುತ್ತದೆ. ಹೈಬ್ರಿಡ್ ಮೇಲೆ ಆ ಸೀಟು ಹಾಕಿದರೆ ತೊಡೆ ಉಜ್ಜುವುದು ಖಂಡಿತ. ಅದರ ಕ್ಲ್ಯಾಂಪು ನಿಮ್ಮ ಸೀಟ್ ಪೈಪಿಗೆ ಕೂರುವುದೂ ಅನುಮಾನ. ತಂದೆಯವರ ಸೈಕಲ್ ಇನ್ನೂ ಇದ್ದರೆ ಸೀಟು ಅದರಲ್ಲೇ ಇರಲಿ. ಆ ಸೈಕಲ್ಲನ್ನು ಒಮ್ಮೆ ಎಣ್ಣೆ ಹಾಕಿಸಿ ಮಾರ್ಕೆಟ್ಟಿಗೆ ಓಡಿಸಿ, ತುಂಬಾ ಆರಾಮಾಗಿರುತ್ತದೆ.

ದುಬಾರಿ ಸೀಟು ಎಂದರೆ ಕೆಲವರು ತೊಗಲಿನ ಬ್ರೂಕ್ಸ್ ಹೆಸರು ಹೇಳುತ್ತಾರೆ. 1866ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಶುರುವಾದ ಕಂಪನಿ, ಸೀಟು ಮಾಡಲು ತೊಡಗಿದ್ದು 1880ರ ದಶಕದಲ್ಲಿ. ಕೂತವರ ಎಲುಬಿಗೆ ತಕ್ಕಂತೆ ತೊಗಲು ನಿಧಾನವಾಗಿ ತಗ್ಗುತ್ತದೆ, ಹದಕ್ಕೆ ಬಂದ ಮೇಲೆ ಅದರ ಸುಖವೇ ಬೇರೆ. ಆದರೆ ಹದಕ್ಕೆ ಬರಲು ನೂರಾರು ಕಿಲೋಮೀಟರ್ ಬೇಕು, ಮಳೆಯಲ್ಲಿ ನೆನೆಸುವಂತಿಲ್ಲ. ಈಗಾಗಲೇ ಜೋಮು ಇರುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಸೀಟಿಗೆ ಬೈಯುವ ಮೊದಲು ಟಯರನ್ನೂ ಮುಟ್ಟಿ ನೋಡಿ. ಗಾಳಿ ಕಲ್ಲಿನಂತೆ ತುಂಬಿದ್ದರೆ ರಸ್ತೆಯ ಪ್ರತಿ ಹೊಡೆತ ನೇರ ಸೀಟಿಗೆ ಬರುತ್ತದೆ. ಎಷ್ಟರಿಂದ ಎಷ್ಟರವರೆಗೆ ಗಾಳಿ ಹಾಕಬಹುದು ಎಂದು ಟಯರಿನ ಪಕ್ಕದಲ್ಲೇ ಬರೆದಿರುತ್ತಾರೆ. ಹಳ್ಳಿ ರಸ್ತೆಗೆ ಅದರಲ್ಲಿ ಕೆಳಗಿನ ಅಂಕಿಯ ಕಡೆಗಿರಲಿ. ಹಂಪ್ ಬಂದಾಗ ಸೀಟಿನಿಂದ ಒಂದು ಬೆರಳು ಎದ್ದುಬಿಡಿ. ಆಷಾಢದ ಗಾಳಿಗೆ ಹರಿಹರದ ಕಡೆ ಹೊರಟರೆ ಎದುರುಗಾಳಿ ತಪ್ಪಿದ್ದಲ್ಲ. ಆಗ ಎಲ್ಲರೂ ತಲೆ ತಗ್ಗಿಸಿ ಬಾಗುತ್ತಾರೆ, ಒತ್ತಡ ಮುಂಭಾಗಕ್ಕೆ ಬರುತ್ತದೆ. ಆ ತಿಂಗಳುಗಳಲ್ಲಿ ದೂರ ಕಡಿಮೆ ಮಾಡಿ, ಹೆಚ್ಚು ಸಲ ಎದ್ದು ನಿಲ್ಲಿ.

ಬೆಲೆಯ ವಿಷಯ. ದುಬಾರಿ ಸೀಟಿನಲ್ಲಿ ಹೆಚ್ಚಿನ ದುಡ್ಡು ಹೋಗುವುದು ತೂಕ ಇಳಿಸುವುದಕ್ಕೆ, ಕಂಬಿಯನ್ನು ಕಾರ್ಬನ್ನಿನಲ್ಲಿ ಮಾಡುವುದಕ್ಕೆ. ನಿಮಗೆ ಅದು ಬೇಡ. ಅಗಲ ಸರಿ ಇರುವ, ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪ ಮಾತ್ರ ಇಳಿಯುವ, ಉಕ್ಕಿನ ಕಂಬಿಯ ಸಾದಾ ಸೀಟು ಸಾಕು. ಅಂಗಡಿಗೆ ಹೋಗುವಾಗ ರಟ್ಟಿನ ಅಳತೆಯನ್ನು ಬರೆದುಕೊಂಡು ಹೋಗಿ. ಒಂದು ವಾರ ಓಡಿಸಿ ಒಗ್ಗದಿದ್ದರೆ ಬದಲಿಸಿ ಕೊಡುತ್ತೀರಾ ಎಂದು ಕೊಳ್ಳುವ ಮೊದಲೇ ಕೇಳಿ. ಒಪ್ಪುವ ಅಂಗಡಿಯಲ್ಲೇ ತಗೊಳ್ಳಿ, ನೂರು ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ.

ನೀವು ಎತ್ತರ ಮತ್ತು ಓರೆ ಸರಿಮಾಡಿ ಎರಡು ಭಾನುವಾರ ಓಡಿಸಿದ ಮೇಲೆ ನನಗೆ ಮತ್ತೆ ಬರೆಯಿರಿ. ಇಬ್ಬರ ಗುಳಿಯ ಅಳತೆ, ಪುಸ್ತಕ ಇಟ್ಟು ಅಳೆದ ಕಾಲಿನ ಅಳತೆ, ಹ್ಯಾಂಡಲ್ ಸೀಟಿಗಿಂತ ಎಷ್ಟು ಮೇಲೆ ಅಥವಾ ಕೆಳಗಿದೆ, ಇಷ್ಟು ಕಳಿಸಿ. ಪಕ್ಕದಿಂದ ತೆಗೆದ, ಸೈಕಲ್ ಮೇಲೆ ಕೂತಿರುವ ಒಂದು ಫೋಟೋ ಇದ್ದರೆ ಹ್ಯಾಂಡಲ್ ದೂರವಿದೆಯೋ ಇಲ್ಲವೋ ಇಲ್ಲಿಂದಲೇ ಹೇಳಬಲ್ಲೆ.